ಕಾರವಾರದಿಂದ ಶಿರಸಿಗೆ, ಹೆಬ್ಬೆರಳು ಹೇಳಿದಂಗೆ

ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಕಾರವಾರದಲ್ಲಿ ಇಳ್ದಾಗ ಶಿರಸಿಯ ಭಾವ ಕಾರ್ ತಗೊಂಡು ಬಂದಿದ್ರು. ಪ್ಲ್ಯಾನ್ ದೊಡ್ಡದೇನಲ್ಲ, ಕಾರವಾರದ ಬೀಚು, ಅಲ್ಲಿಂದ ಯಾಣ, ಆಮೇಲೆ ಶಿರಸಿ ಹತ್ರ ಒಂದು ರಾತ್ರಿ ಯಕ್ಷಗಾನ. ನಂಗೆ ಅದ್ರ ಜೊತೆ ಇನ್ನೊಂದು ಕೆಲಸ ಇತ್ತು, ಹೊಸ ಮಿರರ್‌ಲೆಸ್ ಕ್ಯಾಮೆರಾದ ಬಟನ್‌ಗಳನ್ನ ಕಂಪನಿಯವ್ರು ಕೊಟ್ಟಂಗೇ ಬಿಡದೆ ನನ್ನ ಕೈಗೆ ಒಗ್ಗೋ ಹಾಗೆ ಮಾಡ್ಕೊಳ್ಳೋದು. ಮನೇಲಿ ಸೋಫಾ ಮೇಲೆ ಕೂತು ಈ ಕೆಲಸ ಮಾಡಿದ್ರೆ ಅಷ್ಟಕ್ಕಷ್ಟೇ ಅಂತ ನನ್ನ ಅನಿಸಿಕೆ, ಯಾಕಂದ್ರೆ ಕಣ್ಣು ವ್ಯೂಫೈಂಡರಲ್ಲಿ ಇದ್ದಾಗ ಬೆರಳು ಎಲ್ಲಿಗೆ ಹೋಗುತ್ತೆ ಅನ್ನೋದು ಗಡಿಬಿಡಿಯಲ್ಲೇ ಗೊತ್ತಾಗೋದು.

ಟ್ಯಾಗೋರ್ ಬೀಚಿಗೆ ಹೋದ್ವಿ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ್ ಇಲ್ಲಿ ಜಡ್ಜ್ ಆಗಿದ್ದಾಗ ತಮ್ಮ ಬಂದು ಉಳ್ಕೊಂಡಿದ್ರು, ಅದಕ್ಕೇ ಈ ಹೆಸರು. ಚಪಲ್ ಯುದ್ಧನೌಕೆ ಮ್ಯೂಸಿಯಂ ಕೂಡ ಅಲ್ಲೇ ದಡದಲ್ಲಿದೆ. ನೌಕೆ ನೋಡೋಕೆ ಚೆನ್ನಾಗಿದೆ, ಆದ್ರೆ ನನ್ನ ಗಮನ ಎಲ್ಲ ಆಚೆ ಮರಳಲ್ಲಿ ನಡೀತಿದ್ದ ರಂಪಣಿ ಮೇಲೆ. ದೋಣೀಲಿ ಬಲೆ ಬಿಟ್ಟು ಅರ್ಧ ಸುತ್ತು ಹಾಕಿ ಬಂದಿದ್ರು, ಈಗ ಎರಡೂ ತುದಿ ಹಗ್ಗ ಹಿಡ್ಕೊಂಡು ಸಾಲಾಗಿ ಹಿಂದಕ್ಕೆ ಹೆಜ್ಜೆ ಹಾಕ್ತಾ ಎಳೀತಿದ್ರು, ಕೊಂಕಣೀಲಿ ಏನೋ ಕೂಗ್ತಾ, ನಗ್ತಾ, ಬೈತಾ.

ಬ್ಯಾಕ್ ಬಟನ್ ಫೋಕಸ್ (ಶಟರ್ ಬದಲು ಹಿಂಬದಿ ಬಟನ್ನಿಂದ ಫೋಕಸ್ ಮಾಡೋದು) ಅಂತ ಎಲ್ರೂ ಯಾಕೆ ಬಡ್ಕೋತಾರೆ ಅಂತ ತಿಳೀಬೇಕಂದ್ರೆ ರಂಪಣಿ ಫೋಟೋ ತೆಗೀಬೇಕು. ಹಗ್ಗ ಹಿಡಿದ ಒಬ್ಬ ಅಜ್ಜನ ಮುಖಕ್ಕೆ ಫೋಕಸ್ ಇಟ್ಟಿರ್ತೀರಿ, ಅಷ್ಟರಲ್ಲಿ ಯಾರೋ ಬುಟ್ಟಿ ಹೊತ್ಕೊಂಡು ಅಡ್ಡ ಹಾಯ್ತಾರೆ, ಶಟರ್ ಬಟನ್ ಅರ್ಧ ಒತ್ತೋ ಪದ್ಧತೀಲಿ ಕಂಟಿನ್ಯುಯಸ್ ಫೋಕಸ್ (ಚಲಿಸೋದನ್ನ ಹಿಂಬಾಲಿಸ್ತಾ ಇರೋ ಫೋಕಸ್) ಇದ್ರೆ ಅದು ಸೀದಾ ಬುಟ್ಟಿಯವ್ರ ಮೇಲೆ ಹಾರೋ ಚಾನ್ಸ್ ಜಾಸ್ತಿ. ಅದಕ್ಕೆ ಮೆನುಗೆ ಹೋಗಿ ಶಟರ್ ಜೊತೆಗಿನ ಆಟೋಫೋಕಸ್ ಆಫ್ ಮಾಡಿ, ಹಿಂಬದಿಯ ಎಎಫ್-ಆನ್ ಬಟನ್‌ಗೆ ಮಾತ್ರ ಫೋಕಸ್ ಕೊಟ್ಟೆ. ಅಜ್ಜ ಹಿಂದಕ್ಕೆ ನಡೀತಿರೋವಷ್ಟು ಹೊತ್ತು ಹೆಬ್ಬೆರಳು ಒತ್ತೇ ಇರ್ಬೇಕು, ಯಾರಾದ್ರೂ ಅಡ್ಡ ಬಂದ್ರೆ ಬೆರಳು ಎತ್ತಿದ್ರಾಯ್ತು, ಫೋಕಸ್ ಇದ್ದಲ್ಲೇ ಇರುತ್ತೆ, ಕ್ಲಿಕ್ ಮಾತ್ರ ನಡೀತಾ ಇರುತ್ತೆ. ಎಎಫ್-ಆನ್ ಬಟನ್ ಇಲ್ದೇ ಇರೋ ಸಣ್ಣ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎಇಎಲ್ (ಬೆಳಕಿನ ಅಳತೆ ಲಾಕ್ ಮಾಡೋ) ಬಟನ್‌ಗೆ ಇದೇ ಕೆಲಸ ಕೊಡ್ಬಹುದು.

ಬಲೆ ದಡ ಹತ್ರ ಆಗ್ತಿದ್ದಂಗೆ ಮೇಲೆ ಗರುಡ, ಹದ್ದು, ಕಾಗೆ ಎಲ್ಲ ಹಾಜರ್. ಮನುಷ್ಯರಿಗೆ ಶಟರ್ ಸ್ಪೀಡ್ ಸೆಕೆಂಡಿನ 1/500 ಸಾಕು, ಬಂಗುಡೆ ಎತ್ತೋಕೆ ಎರಗೋ ಗರುಡಕ್ಕೆ 1/2000 ಆದ್ರೂ ಬೇಕು, ಜೊತೆಗೆ ಹಕ್ಕಿ ಕಣ್ಣು ಹುಡುಕೋ ಮೋಡು, ಅಗಲದ ಫೋಕಸ್ ಏರಿಯಾ, ಒಂದರ ಹಿಂದೊಂದು ಕ್ಲಿಕ್ ಮಾಡೋ ಬರ್ಸ್ಟು. ಇಷ್ಟನ್ನೂ ಒಂದೊಂದಾಗಿ ಬದಲಾಯಿಸೋ ಹೊತ್ತಿಗೆ ಗರುಡ ಮೀನು ತಿಂದು ಮುಗ್ಸಿರುತ್ತೆ. ಹಾಗಾಗಿ ಜನರ ಸೆಟ್ಟಿಂಗ್ ಕ್ಯಾಮೆರಾದ ಒಂದನೇ ಮೆಮೊರಿ ಸ್ಲಾಟಲ್ಲಿ, ಹಕ್ಕಿದು ಎರಡನೇದ್ರಲ್ಲಿ ಸೇವ್ ಮಾಡ್ಕೊಂಡೆ, ಆಮೇಲೆ ಡಯಲ್ ಒಂದು ಸಲ ತಿರುಗಿಸಿದ್ರೆ ಮುಗೀತು. ಕ್ಯಾನನ್‌ನವ್ರು ಇದಕ್ಕೆ ಸಿ1 ಸಿ2 ಅಂತಾರೆ, ನಿಕಾನ್‌ನವ್ರು ಯು1 ಯು2, ಸೋನಿಯಲ್ಲಿ ಎಂಆರ್ ಅಥವಾ ಬರೀ 1 2 3, ಕೆಲಸ ಎಲ್ಲ ಒಂದೇ. ಸ್ಲಾಟಲ್ಲಿ ಇದ್ದಾಗ ಏನಾದ್ರೂ ಬದಲಾಯಿಸಿದ್ರೆ ತುಂಬ ಕ್ಯಾಮೆರಾಗಳಲ್ಲಿ ಅದು ಉಳಿಯಲ್ಲ, ಮತ್ತೆ ಸೇವ್ ಮಾಡ್ಬೇಕು.

ಟಚ್ ಸ್ಕ್ರೀನನ್ನ ಬೀಚಲ್ಲೇ ಆಫ್ ಮಾಡ್ದೆ. ಉಪ್ಪು ನೀರಿನ ತುಂತುರು, ಬೆವರ ಕೈ, ಸಾಲದ್ದಕ್ಕೆ ನಾನು ಎಡಗಣ್ಣಲ್ಲಿ ನೋಡೋನು, ಮೂಗು ಸ್ಕ್ರೀನಿಗೆ ತಾಗಿ ಫೋಕಸ್ ಪಾಯಿಂಟ್ ಮೂಲೆಗೆ ಓಡುತ್ತೆ.

ಸಂಜೆ ಕಾಳಿ ನದಿ ಸಂಗಮ, ಆಚೆ ದಡದಲ್ಲಿ ಸದಾಶಿವಗಡ. ಹಳೇ ಸೇತುವೆ 2024ರ ಆಗಸ್ಟಲ್ಲಿ ಕುಸಿದು ಬಿದ್ದ ಕಥೇನ ಭಾವ ಪೂರ್ತಿ ಹೇಳಿದ್ರು. ಮರುದಿನ ಅಂಕೋಲಾ ಕಡೆ ಹೊರಟಾಗ ಅರ್ಗಾ ದಾಟೋವರೆಗೂ ಕ್ಯಾಮೆರಾ ಬ್ಯಾಗಲ್ಲೇ, ಅದು ನೌಕಾನೆಲೆ, ಅಲ್ಲಿ ಫೋಟೋ ಹುಚ್ಚು ತೋರಿಸ್ಬಾರ್ದು.

ಯಾಣದ್ದು ಬೇರೇನೇ ತರ ಕಷ್ಟ. ಕಾಡೊಳಗೆ ಕತ್ತಲು, ಎದುರಿಗೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಕಪ್ಪಗೆ ನಿಂತಿದೆ, ಬಂಡೆ ಸೀಳಿನ ಸಂದಿಯಿಂದ ಬೆಳ್ಳಗಿನ ಆಕಾಶ. ಕ್ಯಾಮೆರಾ ಮೀಟರ್‌ಗೆ ಕಪ್ಪು ಬಂಡೆ ಕಂಡ್ರೆ ಅದನ್ನ ಬೂದಿ ಬಣ್ಣಕ್ಕೆ ಎತ್ತೋ ಆಸೆ, ಹಾಗೆ ಎತ್ತಿದಾಗ ಆಕಾಶ ಪೂರ್ತಿ ಬ್ಲೋ ಔಟ್, ಬರೀ ಬಿಳಿ. ಯಾಣದ ಬಂಡೆ ಕಪ್ಪಗೇ ಕಾಣ್ಬೇಕು ಸ್ವಾಮಿ, ಎಲ್ಲ ನೆರಳನ್ನೂ ಎತ್ತಿ ಎತ್ತಿ ಸಿಮೆಂಟ್ ಬಣ್ಣ ಮಾಡಿದ ಫೋಟೋ ನೋಡಿ ಸಾಕಾಗಿದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಏರಿಸಿ ಇಳಿಸೋದು) ಹಿಂದಿನ ಡಯಲ್‌ಗೆ ನೇರವಾಗಿ ಕೊಟ್ಟು ಮೈನಸ್ ಒಂದಕ್ಕೆ ಇಳಿಸ್ದೆ, ತೀರಾ ಬೆಳ್ಳಗಾದ ಜಾಗ ತೋರಿಸೋ ಝೀಬ್ರಾ ಗೆರೆ ಆನ್-ಆಫ್ ಮಾಡೋಕೆ ಶಟರ್ ಪಕ್ಕದ ಬಟನ್ ಇಟ್ಕೊಂಡೆ. ಗೆರೆ ಆಕಾಶದಲ್ಲಿ ಕಾಣ್ಸಿದ್ರೆ ಇನ್ನೂ ಸ್ವಲ್ಪ ಇಳಿಸೋದು, ಅಷ್ಟೇ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತೆ ಅನ್ನೋ ಮಟ್ಟ) ಆಟೋದಲ್ಲೇ ಇತ್ತು, ಆದ್ರೆ ಕನಿಷ್ಠ ಶಟರ್ ಸ್ಪೀಡ್ ಆಯ್ಕೇನ ಕ್ವಿಕ್ ಮೆನುಗೆ ತಂದಿಟ್ಟೆ, ಮೆಟ್ಟಿಲಲ್ಲಿ ನಡೆಯೋ ಜನಕ್ಕೆ 1/250, ಸುಮ್ನೆ ನಿಂತಿರೋ ಬಂಡೆಗೆ 1/60.

ರಾತ್ರಿ ಶಿರಸಿ ಹತ್ರ ಯಕ್ಷಗಾನದ ಆಟ. ಬಡಗುತಿಟ್ಟು ಶೈಲಿಯದ್ದು, ಮುಂದಿನ ಸಾಲಲ್ಲೇ ಜಾಗ ಸಿಕ್ತು. ನಾನು ಸೈಲೆಂಟ್ ಶಟರ್ (ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್) ಹಾಕ್ಕೊಂಡು ಕೂತಿದ್ದು ನೋಡಿ ಭಾವ, "ಎಂತ ಮಾರಾಯಾ, ಚಂಡೆ ಮುಂದೆ ನಿನ್ನ ಕ್ಯಾಮೆರಾ ಸೌಂಡು ಯಾರಿಗೆ ಕೇಳ್ತು?" ಅಂದ್ರು. "ಅರ್ಥ ಹೇಳುವಾಗ ಕೇಳುತ್ತೆ ಭಾವ" ಅಂದೆ. ವಿಷಯ ಇರೋದೇ ಅಲ್ಲಿ. ಚಂಡೆ ಏರಿ ವೇಷ ಧಿಗಿಣ (ಸುತ್ತುತ್ತಾ ಜಿಗಿಯೋ ಕುಣಿತ) ಹೊಡೀವಾಗ ಮೆಕ್ಯಾನಿಕಲ್ ಶಟರ್, 1/250, ಐಎಸ್ಒ 6400, ಎಷ್ಟು ಸದ್ದಾದ್ರೂ ಯಾರಿಗೂ ತೊಂದ್ರೆ ಇಲ್ಲ. ಅದೇ ಸ್ಪೀಡಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ರಂಗದ ಎಲ್ಇಡಿ ಲೈಟಿಗೆ ಫೋಟೋ ತುಂಬ ಅಡ್ಡ ಪಟ್ಟಿ, ಯಾಕಂದ್ರೆ ಸೆನ್ಸರ್ ಸಾಲು ಸಾಲಾಗಿ ಓದೋ ಹೊತ್ತಲ್ಲಿ ಲೈಟು ಮಿನುಗ್ತಾ ಇರುತ್ತೆ. ಪಾತ್ರಧಾರಿ ನಿಂತು ಮಾತಾಡುವಾಗ ಮಾತ್ರ ಸೈಲೆಂಟು, ಆಗ 1/100 ಅಥವಾ 1/50ಕ್ಕೆ ಇಳಿಸ್ಬಹುದು, ನಮ್ಮ ಕರೆಂಟ್ 50 ಹರ್ಟ್ಜ್ ಇರೋದ್ರಿಂದ ಪಟ್ಟಿ ಸಾಮಾನ್ಯವಾಗಿ ಹೋಗುತ್ತೆ, ಕೆಲವು ಅಗ್ಗದ ಲೈಟಿಗೆ ಅದೂ ನಡೆಯಲ್ಲ. ಸೈಲೆಂಟ್ ಆನ್-ಆಫ್ ಕೆಳಗಿನ ಬಟನ್‌ಗೆ ಹೋಯ್ತು, ಕತ್ತಲಲ್ಲಿ ತಡಕಿದ್ರೂ ಸಿಗೋ ಜಾಗ ಅದು. ಸ್ಕ್ರೀನ್ ಪೂರ್ತಿ ಆಫ್, ಹಿಂದೆ ಕೂತವ್ರ ಕಣ್ಣಿಗೆ ಬೆಳಕು ಹೊಡೀಬಾರ್ದಲ್ಲ.

ಮಧ್ಯರಾತ್ರಿ ಚೌಕಿ (ವೇಷ ಕಟ್ಟೋ ಜಾಗ) ಕಡೆ ಹೋದಾಗ ಪರಿಚಯದ ವೇಷಧಾರಿ ಜೊತೆ ನನ್ನದೊಂದು ಫೋಟೋ ತೆಗೀರಿ ಅಂತ ಭಾವನ ಕೈಗೆ ಕ್ಯಾಮೆರಾ ಕೊಟ್ಟೆ. ಶಟರ್ ಅರ್ಧ ಒತ್ತಿದ್ರೆ ಫೋಕಸ್ಸೇ ಆಗ್ತಿಲ್ಲ, "ಇದು ಹಾಳಾಯ್ದು ಮಾರಾಯಾ" ಅಂತ ವಾಪಸ್ ಕೊಟ್ರು. ಅಲ್ಲೇ ನಿಂತು ಮೂರನೇ ಸ್ಲಾಟನ್ನ ಮನೆಯವ್ರಿಗೆ ಅಂತ ಮಾಡಿಟ್ಟೆ, ಶಟರಲ್ಲೇ ಫೋಕಸ್, ಮುಖ ಗುರುತಿಸೋದು ಆನ್, ಉಳಿದದ್ದೆಲ್ಲ ಆಟೋ. ನನ್ನ ಕ್ಯಾಮೆರಾದಲ್ಲಿ ಈ ಶಟರ್ ಫೋಕಸ್ ಆಯ್ಕೇನೂ ಸ್ಲಾಟಲ್ಲಿ ಸೇವ್ ಆಗುತ್ತೆ, ನಿಮ್ಮದ್ರಲ್ಲಿ ಆಗುತ್ತಾ ಅಂತ ಟ್ರಿಪ್ಪಿಗೆ ಮುಂಚೆ ನೋಡ್ಕೊಳ್ಳಿ.