ಕೊಡಪಾನ 14 ಕಿಲೋ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ ಒಂದು ಲೆಕ್ಕ ಇದೆ. ತುಂಬಿದ ಕೊಡಪಾನ 14 ಕಿಲೋ. ಹಿಂಡಿದ ಬಟ್ಟೆಯ ಬಾಲ್ದಿ 9. ದನದ ಅಕ್ಕಚ್ಚಿನ ಬಾಲ್ದಿ 11. ಅನ್ನ ಆದ ಕುಕ್ಕರ್ 4. ಅಡಿಕೆ ತೂಗುವ ತಕ್ಕಡಿಯನ್ನು ಒಳಗೆ ತಂದು, ಒಂದೊಂದನ್ನೂ ನೇತುಹಾಕಿ ತೂಗಿ ಬರೆದವರು ನಮ್ಮ ಯಜಮಾನರು. ನಾನು ಆಪರೇಷನ್ ಆಗಿ ಬಂದ ಮೇಲೆ ಬರೆದದ್ದು.

ಈ ವಿಷಯ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ನನಗಾದದ್ದು ಗರ್ಭಕೋಶ ಜಾರುವ ತೊಂದರೆ. ನಮ್ಮ ಊರಿನ ಹೆಂಗಸರು ಇದನ್ನು ಅಕ್ಕತಂಗಿಯರ ಹತ್ತಿರವೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ನನಗೆ ಈಗ 57. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟ, ಎರಡು ದನ, ಗುಡ್ಡದ ಬುಡದಲ್ಲಿ ಹಿರಿಯರು ತೋಡಿಸಿದ ಸುರಂಗದ ನೀರು. ಮೊದಲ ಹೆರಿಗೆ ತುಂಬಾ ಕಷ್ಟದ್ದು, ಮಗುವೂ ದೊಡ್ಡದು. ಎರಡನೆಯ ಹೆರಿಗೆ ಅಡಿಕೆ ಕೊಯ್ಲಿನ ಸಮಯದಲ್ಲಿ ಆಯಿತು. ಆಗ ಬಾಣಂತನ ಅಂತ ಸಿಕ್ಕಿದ್ದು ಇಪ್ಪತ್ತೇ ದಿನ. ಆಮೇಲೆ ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ, ಕೊಡಪಾನ. ಹೆರಿಗೆ, ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲೆ ಬರುವ ಸಡಿಲ, ಎಲ್ಲ ಸೇರಿ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಬೀಳಿನ ಬುಟ್ಟಿಯ ತಳ ಜೋತು ಬೀಳುವುದಿಲ್ಲವಾ, ಹಾಗೆ ಕಿಬ್ಬೊಟ್ಟೆಯ ತಳದ ಸ್ನಾಯು ಜೋತು ಬೀಳುವುದು. ಗರ್ಭಕೋಶ, ಮೂತ್ರಚೀಲ, ಮಲದ ಕರುಳು ಎಲ್ಲ ಆ ತಳದ ಮೇಲೇ ಕೂತಿರುವುದು.

ಮೊದಲು ಸಂಜೆ ಹೊತ್ತಿಗೆ ಕೆಳಗೆ ಏನೋ ಇಳಿದ ಹಾಗೆ ಆಗುತ್ತಿತ್ತು. ಮಲಗಿದರೆ ಸರಿ. ಆಮೇಲೆ ಸ್ನಾನ ಮಾಡುವಾಗ ಕೈಗೆ ಸಿಗತೊಡಗಿತು. ಮೊದಲು ಅಡಿಕೆಯಷ್ಟು, ಕೆಲವು ವರ್ಷ ಕಳೆದು ನಿಂಬೆಹಣ್ಣಿನಷ್ಟು. ಮೂತ್ರ ಪೂರ್ತಿ ಹೋಗುತ್ತಿರಲಿಲ್ಲ. ಬೆರಳಿನಿಂದ ಒಳಗೆ ತಳ್ಳಿದರೆ ಮಾತ್ರ ಹೋಗುತ್ತಿತ್ತು. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೆ ಹೀಗೇ ಇರುವವರು ಓದುತ್ತಿದ್ದರೆ ಅವರಿಗೆ ಗೊತ್ತಾಗಲಿ.

2019ರ ಕೊನೆಗೆ ಮಂಗಳೂರಿನಲ್ಲಿ ತೋರಿಸಿದೆವು. ಆಪರೇಷನ್ ಮಾಡಬಹುದು, ಅವಸರ ಇಲ್ಲ ಎಂದರು. ಅಲ್ಲಿಯವರೆಗೆ ಒಳಗೆ ಆಧಾರಕ್ಕೆ ಸಿಲಿಕಾನಿನ ಒಂದು ರಿಂಗ್ ಇಟ್ಟರು. ಏಪ್ರಿಲ್‌ನಲ್ಲಿ ಆಪರೇಷನ್ ಅಂತ ಮಾತಾಗಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಕೇರಳ ಕರ್ನಾಟಕದ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನೂ ತಡೆದರು. ಆಸ್ಪತ್ರೆ ಎಂದರೆ ಮಂಗಳೂರು ಎಂದು ಬದುಕಿದವರು ನಾವು. ಆ ದಿನಗಳಲ್ಲಿ ಆಸ್ಪತ್ರೆ ತಲುಪಲಾಗದೆ ತೀರಿಹೋದವರಿದ್ದಾರೆ. ಅವರ ಮುಂದೆ ನನ್ನದೇನೂ ದೊಡ್ಡದಲ್ಲ. ಗಡಿ ತೆರೆದ ಮೇಲೆ ಮಗಳ ಮದುವೆ, ಕೊಯ್ಲು, ಕೊಳೆರೋಗಕ್ಕೆ ಔಷಧಿ ಬಿಡುವ ಸಮಯ, ಹೀಗೆ ಒಂದಾದ ಮೇಲೆ ಒಂದು. ರಿಂಗ್ ಇತ್ತು, ದಿನ ಹೋಗುತ್ತಿತ್ತು. ಆಮೇಲೆ ರಿಂಗ್ ನಿಲ್ಲದೆ ಜಾರಿ ಬೀಳತೊಡಗಿತು. ಕಳೆದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ಹೋಗಿ ಅಡ್ಮಿಟ್ ಆದೆ.

ಯೋನಿಯ ದಾರಿಯಿಂದಲೇ ಗರ್ಭಕೋಶ ತೆಗೆದು, ಮುಂದಿನ ಗೋಡೆ ಮತ್ತು ಹಿಂದಿನ ಗೋಡೆ ಎರಡನ್ನೂ ಬಿಗಿ ಮಾಡಿ ಹೊಲಿಯುವ ಆಪರೇಷನ್ ಇದು. ಹೊಟ್ಟೆಯ ಮೇಲೆ ಒಂದು ಗೆರೆಯೂ ಇಲ್ಲ. ಎಲ್ಲ ಒಳಗೇ. ಇದು ಎಷ್ಟು ಒಳ್ಳೆಯದೋ ಅಷ್ಟೇ ಮೋಸ ಅಂತ ನನಗೆ ಆಮೇಲೆ ಗೊತ್ತಾಯಿತು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ದಿಂಬು ಅಪ್ಪಿಕೊಂಡು ಬಗ್ಗಿ ಕೂರಬೇಕು, ಅಲುಗಾಡಬಾರದು. ಒಬ್ಬರು ಸಿಸ್ಟರ್ ನನ್ನ ತಲೆಯನ್ನು ಅವರ ಭುಜಕ್ಕೆ ಒರಗಿಸಿಕೊಂಡು ನಿಂತರು. ಆ ಭುಜ ನನಗೆ ಈಗಲೂ ನೆನಪಿದೆ. ಆಪರೇಷನ್ ಆಗುವಾಗ ಎಚ್ಚರ ಇತ್ತು. ಕತ್ತರಿ ತಟ್ಟೆಗೆ ಬೀಳುವ ಸದ್ದು ಕೇಳಿಸುತ್ತಿತ್ತು, ನೋವು ಇರಲಿಲ್ಲ.

ವಾರ್ಡಿಗೆ ಬಂದಾಗ ಮೂತ್ರಕ್ಕೆ ಟ್ಯೂಬ್, ಒಳಗೆ ರಕ್ತ ನಿಲ್ಲಲು ತುಂಬಿದ ಬಟ್ಟೆ, ಕಾಲಿಗೆ ಬಿಗಿ ಸಾಕ್ಸ್. ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಒಂದು ಸಣ್ಣ ಇಂಜೆಕ್ಷನ್. ಜೀವ ಬಂದ ಕೂಡಲೇ ಪಾದ ಮೇಲೆ ಕೆಳಗೆ ಮಾಡುತ್ತಿರಿ ಎಂದರು. ಮರುದಿನ ಬೆಳಿಗ್ಗೆ ಆ ಬಟ್ಟೆ ಎಳೆದರು. ಎಳೆದಷ್ಟೂ ಬರುತ್ತಲೇ ಇತ್ತು, ಇಷ್ಟುದ್ದ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ನನ್ನ ಜೊತೆ ಬೈಸ್ಟ್ಯಾಂಡರ್ ಆಗಿ ಇದ್ದದ್ದು ಪೆರ್ಲದ ತಂಗಿ. ಅವಳ ಕೈಯಲ್ಲಿ ನನ್ನ ಉಗುರಿನ ಗುರುತು ಮೂಡಿತ್ತು.

ನನಗೆ ನಿಜವಾಗಿ ಕಷ್ಟ ಆದದ್ದು ಮೂತ್ರದ ಪರೀಕ್ಷೆ. ಎರಡನೇ ದಿನ ಬೆಳಿಗ್ಗೆ ಟ್ಯೂಬ್ ತೆಗೆದರು. ಇನ್ನು ಕೆಲವು ಗಂಟೆಯ ಒಳಗೆ ನಾನಾಗಿ ಮೂತ್ರ ಮಾಡಬೇಕು, ಜಗ್ಗಿನಲ್ಲಿ ಅಳೆಯಬೇಕು, ಆಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಕೇರಳದ ಸಿಸ್ಟರ್ ಒಬ್ಬರು ಗಂಟೆಗೊಮ್ಮೆ ಬಂದು "ಅಮ್ಮೇ, ಮೂತ್ರಂ ಒಳಿಚ್ಚೋ?" ಎಂದು ಕೇಳುತ್ತಿದ್ದರು. ಬರಲೇ ಇಲ್ಲ. ಬಂದಾಗ 120 ಮಿಲಿ. ಒಳಗೆ 280 ಉಳಿದಿತ್ತು. ಮತ್ತೆ ಟ್ಯೂಬ್ ಹಾಕಿದರು.

ನಾನು ಅತ್ತುಬಿಟ್ಟೆ. ಆಪರೇಷನ್ ಕೆಟ್ಟಿತು ಎಂದೇ ನಂಬಿದೆ. ಸಂಜೆ ಡಾಕ್ಟರಮ್ಮ ಮಂಚದ ಮೇಲೇ ಕೂತು ಹೇಳಿದರು: "ಒಳಗೆ ಊತ ಇದೆ, ಇಷ್ಟು ವರ್ಷ ಬಾಗಿದ ದಾರಿ ಈಗ ನೇರ ಆಗಿದೆ. ಮೂತ್ರಚೀಲಕ್ಕೆ ಎರಡು ದಿನ ರಜೆ ಕೊಡೋಣ." ಇದು ಸುಮಾರು ಜನಕ್ಕೆ ಆಗುತ್ತದಂತೆ. ಪಕ್ಕದ ಬೆಡ್ಡಿನವರಿಗೂ ಆಗಿತ್ತು. ಅವರು ಮಂಜೇಶ್ವರ ಕಡೆಯವರು, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಎಷ್ಟು ವರ್ಷದಿಂದ ಇತ್ತು ಎಂದು ನಾನು ಕೇಳಿದೆ. ಹನ್ನೆರಡು ಎಂದರು. ನನ್ನದು ಒಂಬತ್ತು. ಪರದೆಯ ಆ ಕಡೆ ಈ ಕಡೆ ಮಲಗಿ, ತುಳುವಿನಲ್ಲಿ, ಯಾರಿಗೂ ಹೇಳದ ಮಾತುಗಳನ್ನೆಲ್ಲ ಆ ರಾತ್ರಿ ಆಡಿದೆವು.

ನಾಲ್ಕನೇ ದಿನ ಮತ್ತೆ ಟ್ಯೂಬ್ ತೆಗೆದರು. ಈ ಸಲ ಹಿರಿಯ ಸಿಸ್ಟರ್ ಉಪಾಯ ಹೇಳಿಕೊಟ್ಟರು. ತಿಣುಕಬೇಡಿ. ಮುಂದೆ ಬಾಗಿ ಕೂರಿ. ನಲ್ಲಿ ಸಣ್ಣಗೆ ಬಿಡಿ. ಆಯಿತು ಎಂದು ಅನಿಸಿದ ಮೇಲೆ ಎದ್ದು ನಿಂತು, ಒಂದು ನಿಮಿಷ ಬಿಟ್ಟು ಮತ್ತೆ ಕೂರಿ. ಆ ಎರಡನೇ ಸಲ ಕೂರುವುದೇ ಮುಖ್ಯ. 300 ಮಿಲಿ ಬಂತು, ಒಳಗೆ 60 ಉಳಿದಿತ್ತು. ತಂಗಿ ಜಗ್ಗನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. ಮಕ್ಕಳು ಹುಟ್ಟಿದಾಗ ಸಹ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

ಐದನೇ ದಿನ ಡಿಸ್ಚಾರ್ಜ್. ಹೆದ್ದಾರಿಯಲ್ಲಿ ಕುಂಬಳೆವರೆಗೆ, ಅಲ್ಲಿಂದ ಒಳಗೆ. ಅಡಿಗೆ ಎರಡು ದಿಂಬು ಇಟ್ಟುಕೊಂಡು ಕೂತೆ. ಗಾಡಿ ಬಿಟ್ಟವರು ಒಂದೂವರೆ ಗಂಟೆಯ ದಾರಿಗೆ ಎರಡೂವರೆ ಗಂಟೆ ತೆಗೆದುಕೊಂಡರು. ಒಂದು ಹೊಂಡವನ್ನೂ ಹಾರಿಸಲಿಲ್ಲ.

ಮನೆಯಲ್ಲಿ ಶುರುವಾದದ್ದು ಬೇರೆ ಕಷ್ಟ. ನೋಡಲು ಬಂದವರು ಹಾರ್ಲಿಕ್ಸ್, ಬ್ರೆಡ್, ಕಿತ್ತಳೆ ಹಿಡಿದುಕೊಂಡು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಲಾಯ್ಕಿದ್ದಿಯಲ್ಲ ಮಾರಾಯ್ತಿ" ಎಂದರು. ಹೌದು, ಕಾಣುವುದಕ್ಕೆ ಚೆನ್ನಾಗಿಯೇ ಇದ್ದೆ. ಬ್ಯಾಂಡೇಜ್ ಇಲ್ಲ, ಕೋಲು ಇಲ್ಲ. ಹತ್ತು ದಿನಕ್ಕೆ ನೋವೂ ಜಾಸ್ತಿ ಇರಲಿಲ್ಲ. ಹೆತ್ತವಳಿಗಾದರೆ ನಮ್ಮಲ್ಲಿ ನಲವತ್ತು ದಿನದ ಬಾಣಂತನ ಅಂತ ಒಂದು ಕ್ರಮ ಇದೆ. ಅವಳು ಏಳುವ ಹಾಗಿಲ್ಲ, ಎಬ್ಬಿಸುವ ಹಾಗೂ ಇಲ್ಲ. ಈ ಆಪರೇಷನ್ನಿಗೆ ಅಂಥ ಕ್ರಮ ಯಾರೂ ಮಾಡಿಟ್ಟಿಲ್ಲ. ಕರಗುವ ದಾರದಲ್ಲಿ ಹೊಲಿದಿರುತ್ತಾರೆ. ದಾರ ಕರಗುತ್ತಾ ಬರುವಾಗ ಒಳಗಿನ ಮಾಂಸವೇ ಕೂಡಿಕೊಂಡು ಗಟ್ಟಿಯಾಗಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ.

ನಮ್ಮ ಅಡುಗೆಮನೆಯ ಕೆಲಸವೆಲ್ಲ ನೆಲದಲ್ಲಿ ಕೂತೇ ಆಗುವುದು ಅಂತ ನಾನು ಗಮನಿಸಿದ್ದು ಆಗ. ಮೆಟ್ಟುಕತ್ತಿ, ಹೆರೆಮಣೆ, ಹಾಲು ಕರೆಯುವುದು, ಕಕ್ಕಸು ಸಹ. ಕುಕ್ಕರುಗಾಲಲ್ಲಿ ಕೂರಬಾರದು ಎಂದು ಚೀಟಿಯಲ್ಲಿ ಬರೆದಿದ್ದರು. ಮಗ ಒಂದು ಕಮೋಡ್ ಕುರ್ಚಿ ತಂದ. ಕಾಲ ಕೆಳಗೆ ಸಣ್ಣ ಮಣೆ ಇಟ್ಟುಕೊಂಡರೆ ತಿಣುಕದೆ ಹೋಗುತ್ತದೆ. ಮೆಟ್ಟುಕತ್ತಿಯನ್ನು ಸೊಸೆ ಅಟ್ಟಕ್ಕೆ ಹಾಕಿ, ಮೇಜಿನ ಮೇಲೆ ಚೂರಿ ಇಟ್ಟಳು.

ಮಲ ಸಡಿಲ ಇರಲಿ ಎಂದು ಕೊಟ್ಟ ಸಿರಪ್ಪನ್ನು ನಾನು ಐದನೇ ದಿನಕ್ಕೇ ನಿಲ್ಲಿಸಿದೆ. ತಪ್ಪು ಮಾಡಿದೆ. ಎರಡು ದಿನ ಹೋಗಲಿಲ್ಲ, ಮೂರನೇ ದಿನ ತಿಣುಕಿದಾಗ ಒಳಗಿನ ಹೊಲಿಗೆಯೆಲ್ಲ ಎಳೆದ ಹಾಗಾಯಿತು. ಆಮೇಲೆ ಬಾಳೆದಿಂಡಿನ ಪಲ್ಯ, ಗಂಜಿ, ಬೇಕಾದಷ್ಟು ನೀರು, ಜೊತೆಗೆ ಸಿರಪ್. ಎರಡೂ ಬೇಕು. ಆಟಿಯ ಥಂಡಿಗೆ ಕೆಮ್ಮು ಬಂದಾಗ ಕಾಲು ಜೋಡಿಸಿ, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮುತ್ತಿದ್ದೆ. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನು ಆ ವರ್ಷ ಕುಡಿಯಲಿಲ್ಲ. ಮೆಂತೆ ಗಂಜಿ ಮಾತ್ರ ಉಂಡೆ.

ಹದಿನೈದನೇ ದಿನ ಮಳೆ ಬಿಟ್ಟು ಬಿಸಿಲು ಬಂತು. ಒಗೆದ ಬಟ್ಟೆ ಬಾಲ್ದಿಯಲ್ಲೇ ಇತ್ತು. ಸೊಸೆ ಮಗುವಿಗೆ ಉಣ್ಣಿಸುತ್ತಿದ್ದಳು. ಆಟಿಯ ಬಿಸಿಲನ್ನು ಬಿಡುವುದುಂಟಾ ಎಂದು ನಾನೇ ಬಾಲ್ದಿ ಎತ್ತಿಕೊಂಡು ಅಂಗಳಕ್ಕೆ ಹೋದೆ. ಏನೂ ಅನಿಸಲಿಲ್ಲ. ಸಂಜೆಗೆ ಕೆಂಪು ರಕ್ತ.

ಅಲ್ಲಿಯವರೆಗೆ ಇದ್ದದ್ದು ಬರೇ ಕಂದು ಬಣ್ಣದ ಸ್ರಾವ, ನಡುನಡುವೆ ದಾರದ ಚೂರು. ಅದೆಲ್ಲ ಇರುತ್ತದೆ ಎಂದು ಹೇಳಿದ್ದರು. ಪ್ಯಾಡ್ ನೆನೆಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆ, ಮೂತ್ರ ಕಟ್ಟುವುದು, ಒಂದು ಕಾಲು ಊದಿ ನೋಯುವುದು, ಇದರಲ್ಲಿ ಯಾವುದಾದರೂ ಒಂದಿದ್ದರೆ ಕಾಯದೆ ಬರಬೇಕು ಎಂದೂ ಹೇಳಿದ್ದರು. ರಾತ್ರಿಯೇ ಹೊರಟೆವು. ಹೊಲಿಗೆ ಬಿಟ್ಟಿರಲಿಲ್ಲ. ಒಂದು ಕಡೆ ಜಿನುಗುತ್ತಿತ್ತು, ತಾನಾಗಿ ನಿಂತಿತು. ಡಾಕ್ಟರಮ್ಮ ಬೈಯಲಿಲ್ಲ. "ಬಾಲ್ದಿ ಎಷ್ಟು ಭಾರ ಇತ್ತು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಇವರು ಚಾವಡಿಯಿಂದ ತಕ್ಕಡಿ ತಂದರು. ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ತೂಗಿ, ಬಾಗಿಲ ಹಿಂದೆ ಬರೆದು, ಕೆಳಗೆ ಒಂದು ಗೆರೆ ಎಳೆದು "ಆರು ವಾರ: ಒಂದು ಚೆಂಬು ನೀರು" ಎಂದು ಬರೆದರು. ಮದುವೆಯಾಗಿ 34 ವರ್ಷ. ನಾನು ದಿನಕ್ಕೆ ಎಷ್ಟು ಎತ್ತುತ್ತೇನೆ ಎಂದು ಅವರು ಕೂಡಿಸಿ ನೋಡಿದ್ದು ಅವತ್ತೇ ಮೊದಲು. ಕೊಡಪಾನವೇ ದಿನಕ್ಕೆ ಎಂಟು ಸಲ. ಅದೊಂದೇ 112 ಕಿಲೋ. ಲೆಕ್ಕ ಮುಗಿಸಿ ತುಂಬಾ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು. ಮರುವಾರ ಸುರಂಗದ ನೀರಿನ ಪೈಪನ್ನು ಅಡುಗೆಮನೆಯ ಒಳಗೇ ತರಿಸಿದರು.

ಆರು ವಾರಕ್ಕೆ ತಪಾಸಣೆ. ಒಳಗೆ ಚೆನ್ನಾಗಿ ಕೂಡಿದೆ ಎಂದರು. ಫಿಸಿಯೋಥೆರಪಿಯ ಹುಡುಗಿ ವ್ಯಾಯಾಮ ಹೇಳಿಕೊಟ್ಟಳು. ಮೂತ್ರವನ್ನೂ ಗಾಳಿಯನ್ನೂ ತಡೆಯುವ ಹಾಗೆ ಒಳಗೆ ಎಳೆದು ಹಿಡಿಯುವುದು, ಬಿಡುವುದು. 1948ರಲ್ಲಿ ಇದನ್ನು ಬರೆದು ಪ್ರಚಾರಕ್ಕೆ ತಂದವರು ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಡಾಕ್ಟರ್. ಅಷ್ಟು ಹಳೆಯದು, ನನಗೆ ಗೊತ್ತಾಗಲು 56 ವರ್ಷ ಬೇಕಾಯಿತು. ಹೆರಿಗೆಯಾದಾಗಲೇ ಯಾರಾದರೂ ಹೇಳಿಕೊಡಬೇಕಿತ್ತು ಅಲ್ವಾ? ಸೊಸೆಗೆ ನಾನೇ ಹೇಳಿಕೊಟ್ಟಿದ್ದೇನೆ. ದೇವರ ಮುಂದೆ ದೀಪ ಹಚ್ಚಿ ಕೂತಾಗ ಇಬ್ಬರೂ ಮಾಡುತ್ತೇವೆ. ಮತ್ತೆ ಜಾರುವ ಸಾಧ್ಯತೆ ಇಲ್ಲವೇ ಇಲ್ಲ ಅಂತಲ್ಲ, ಅದಕ್ಕೇ ಬಿಡಬಾರದು.

ಮೂರು ತಿಂಗಳ ತನಕ ಭಾರ ಎತ್ತಲಿಲ್ಲ. ಈಗಲೂ ಅಡಿಕೆ ಗೋಣಿ, ಗ್ಯಾಸ್ ಸಿಲಿಂಡರ್ ಮುಟ್ಟುವುದಿಲ್ಲ. ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಕಬ್ಬಿಣದ ಭಾರ ಬೇರೆ.

ಹೋದ ತಿಂಗಳು ಆಚೆ ಮನೆಯ ಅತ್ತೆ ಮಜ್ಜಿಗೆಗೆ ಬಂದವರು ಬಾಗಿಲ ಹಿಂದಿನ ಲೆಕ್ಕ ನೋಡಿ ಇದೆಂಥದ್ದು ಎಂದು ಕೇಳಿದರು. ಅವರಿಗೆ 74. ಮೊದಲೆಲ್ಲ "ಹೊಟ್ಟೆ ಆಪರೇಷನ್" ಎಂದು ಹೇಳಿ ಮುಗಿಸುತ್ತಿದ್ದೆ. ಆವತ್ತು ಪೂರ್ತಿ ಹೇಳಿದೆ. ಅವರು ಮಜ್ಜಿಗೆ ಲೋಟವನ್ನು ಕೆಳಗಿಟ್ಟು, ಬಾಗಿಲು ಮುಂದೆ ಮಾಡಿ ಬಂದು ಕೂತರು. ಇಪ್ಪತ್ತು ವರ್ಷದಿಂದ ಬಟ್ಟೆ ಬಿಗಿದು ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಬಿಪಿ, ಹೃದಯದ ತೊಂದರೆ ಎರಡೂ ಇದೆ, ಆಪರೇಷನ್ ಬೇಡ ಎಂದರು ಡಾಕ್ಟರಮ್ಮ. ರಿಂಗ್ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ತೊಳೆದು ನೋಡಬೇಕು. ಮುಂದಿನ ಸಲ ಹೋಗಬೇಕಾದ ತಾರೀಖನ್ನು ಆ ಲೆಕ್ಕದ ಕೆಳಗೇ ಬರೆದಿದ್ದೇನೆ, ನನ್ನ ತಪಾಸಣೆಯೂ ಅದೇ ದಿನ.