ಮನೆಗೆಲಸ ಮಾಡ್ತೀನಲ್ಲ, ವಾಕಿಂಗ್ ಬೇರೆ ಯಾಕೆ?

ದಾವಣಗೆರೆ ಕಡೆ ಮಹಾನವಮಿ ಬಂತು ಅಂದರೆ ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲವೂ ನೀರು ಕಾಣಲೇಬೇಕು. ಮೊದಲೆಲ್ಲ ಗಾಡಿಯಲ್ಲಿ ತುಂಬಿಕೊಂಡು ಭದ್ರಾ ಚಾನಲ್‌ಗೆ ಹೋಗುತ್ತಿದ್ದರು. ನಾವು ನಿಟುವಳ್ಳಿಯವರು, ತಾರಸಿ ಮೇಲೇ ಮುಗಿಸುತ್ತೇವೆ. ಹೋದ ಹಬ್ಬಕ್ಕೆ ಕೌದಿಯ ಒಂದು ತುದಿ ನಾನು, ಇನ್ನೊಂದು ತುದಿ ನಾದಿನಿ ಹಿಡಿದು ಹಿಂಡುತ್ತಿದ್ದೆವು. ಕೌದಿ ಒಣಗಿದ್ದಾಗಲೇ ಭಾರ, ನೀರು ಕುಡಿದ ಮೇಲೆ ಕೇಳೋದೇ ಬೇಡ. ಬಗ್ಗಿ, ಪಕ್ಕಕ್ಕೆ ತಿರುಗಿ ಎತ್ತಿದೆ. ಸೊಂಟದ ಹತ್ತಿರ ಚಳಕ್ ಅಂತು. ಅಲ್ಲೇ ಕೂತುಬಿಟ್ಟೆ.

"ಉಳುಕಿರಬೇಕು, ತೆಗೆಸ್ಕೊಂಡು ಬಾರವ್ವ" ಅಂದರು ಅತ್ತೆ. ಪಕ್ಕದ ಮನೆಯವರು ತಮ್ಮ ಎಂಆರ್‌ಐ ಕವರ್ ಹಿಡಿದುಕೊಂಡೇ ಬಂದರು. "ನಂದು ಎಲ್4-ಎಲ್5 ಡಿಸ್ಕು, ನಿಂದೂ ಅದೇ ನೋಡು." ಅಂದರೆ ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವೆ ಇರುವ ಮೆತ್ತೆ. ನಮ್ಮನೆಯವರು ಮೆಡಿಕಲ್ ಶಾಪಿನಿಂದ ಸೊಂಟದ ಬೆಲ್ಟ್ ತಂದರು. ಎಲ್ಲರ ಮಾತೂ ಒಂದೇ, ರೆಸ್ಟ್ ತಗೋ. ಹಾಗಾದರೆ ರೊಟ್ಟಿ ಯಾರು ಬಡಿಯಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗೋದು, ಉಳಿದ ಹೊತ್ತು ಬೆಲ್ಟ್ ಬಿಗಿದುಕೊಂಡು ಅದೇ ಕೆಲಸ. ನನ್ನ ರೆಸ್ಟ್ ಅಂದರೆ ಇಷ್ಟೇ. ಸಂಕ್ರಾಂತಿ ಕಳೆದರೂ ನೋವು ಹೋಗಲಿಲ್ಲ.

ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವಳು ನನ್ನ ಮಗಳಾಗುವಷ್ಟು ಚಿಕ್ಕ ಹುಡುಗಿ. ಬೆನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದಳು. ಕಾಲಲ್ಲಿ ಶಕ್ತಿ ಕಡಿಮೆ ಆಗಿದೆಯಾ? ಕೂರುವ ಜಾಗದಲ್ಲಿ ಮರಗಟ್ಟಿದ ಹಾಗೆ ಆಗುತ್ತಾ? ಮೂತ್ರ ತಡೆಯೋಕೆ ಆಗ್ತಿಲ್ವಾ? ಜ್ವರ, ತೂಕ ಇಳಿಯೋದು? ಯಾವುದೂ ಇರಲಿಲ್ಲ. ಇದ್ದಿದ್ದರೆ ಕಥೆಯೇ ಬೇರೆ, ತಡ ಮಾಡದೆ ಡಾಕ್ಟರ ಹತ್ತಿರ ಓಡಬೇಕಂತೆ. ಎಂಆರ್‌ಐ ವಿಷಯ ಎತ್ತಿದೆ. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಡಿಸ್ಕ್ ಸವೆದಿರೋದು ಕಾಣುತ್ತೆ ಅಂದಳು. ಬೆಲ್ಟನ್ನು ಪಕ್ಕಕ್ಕಿಡಿಸಿದಳು. ಬಹಳ ದಿನದ ಕೆಳಬೆನ್ನು ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ತಂದಿದೆಯಂತೆ. ಅದರಲ್ಲಿ ಬೆಲ್ಟಿಗೆ ಒಪ್ಪಿಗೆ ಇಲ್ಲ, ವ್ಯಾಯಾಮಕ್ಕೆ ಇದೆ. ಇದೇ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನು ನೋವಿತ್ತು. ಗಂಡಸರಿಗಿಂತ ಹೆಂಗಸರೇ ಜಾಸ್ತಿ. ನನಗೇನೂ ಆಶ್ಚರ್ಯ ಆಗಲಿಲ್ಲ.

ವ್ಯಾಯಾಮ ಅಂದ ಕೂಡಲೇ ನನಗೆ ಸಿಟ್ಟು ಬಂತು. "ಅಲ್ಲಮ್ಮ, ಬೆಳಗ್ಗೆ ಎದ್ದಾಗಿಂದ ಕಸ, ನೆಲ, ಬಟ್ಟೆ, ರೊಟ್ಟಿ. ಇದಕ್ಕಿಂತ ವ್ಯಾಯಾಮ ಬೇಕಾ?"

"ಅದೂ ಲೆಕ್ಕಕ್ಕೆ ಬರುತ್ತೆ ಆಂಟಿ. ಆದ್ರೆ ನೋಡಿ, ಕಸ ಗುಡಿಸೋದೂ ಬಗ್ಗೇ, ನೆಲ ಒರೆಸೋದೂ ಬಗ್ಗೇ, ರೊಟ್ಟಿಗೂ ಒಲೆ ಮುಂದೆ ಬಗ್ಗೇ ಕೂರ್ತೀರಿ. ನೆಟ್ಟಗೆ ನಿಂತು, ಕೈ ಬೀಸಿಕೊಂಡು ನಡೆಯೋದು ಯಾವಾಗ?"

ಮನೆಗೆ ಬಂದು ಯೋಚಿಸಿದೆ. ಇಡೀ ದಿನದಲ್ಲಿ ನಾನು ನೆಟ್ಟಗೆ ನಡೆಯುವ ದೂರ ಅಂದರೆ ಮೂಲೆಯ ಕಿರಾಣಿ ಅಂಗಡಿವರೆಗೆ. ಬರುವಾಗ ಒಂದು ಕೈಯಲ್ಲಿ ಬೇಳೆ, ಒಂದು ಕೈಯಲ್ಲಿ ಎಣ್ಣೆ. ದಣಿವು ಬೇಕಾದಷ್ಟಿತ್ತು, ನಡಿಗೆ ಇರಲಿಲ್ಲ. "ದಿನವಿಡೀ ಓಡಾಡ್ತಾಳೆ, ಅವಳಿಗೇನು" ಅನ್ನುವವರು ಇದನ್ನು ನೋಡೋದೇ ಇಲ್ಲ.

ಗ್ಯಾಸ್ ಒಲೆ ನೆಲದಿಂದ ಕಟ್ಟೆ ಮೇಲೆ ಹೋಯಿತು. ನಿಂತು ರೊಟ್ಟಿ ಬಡಿದರೆ ರುಚಿ ಕೆಡುತ್ತೆ ಅಂತ ಅತ್ತೆಯ ವಾದ ಇನ್ನೂ ನಡೆದಿದೆ. ಬಕೆಟ್ ಅರ್ಧ ಮಾತ್ರ ತುಂಬಿಸುತ್ತೇನೆ, ಎತ್ತುವಾಗ ಮಂಡಿ ಮಡಚುತ್ತೇನೆ. ಇವೆಲ್ಲ ಸುಲಭ. ಕಷ್ಟ ಆಗಿದ್ದು ಬೆಳಗಿನ ಹೊತ್ತು ಒಂದು ಗಂಟೆ ಮನೆಯಿಂದ ಬಿಡಿಸಿಕೊಳ್ಳೋದು.

ಸ್ಕೂಟಿಯಲ್ಲಿ ಕುಂದವಾಡ ಕೆರೆಗೆ ಹೋಗುತ್ತೇನೆ. ನಡೆಯೋಕೆ ಗಾಡಿಯಲ್ಲಿ ಹೋಗೋದಾ ಅಂತ ನಗಬೇಡಿ, ನಮ್ಮ ರಸ್ತೆಯ ನಾಯಿಗಳನ್ನು ನೀವು ನೋಡಿಲ್ಲ. ಈ ಕೆರೆಗೂ ಭದ್ರಾ ಚಾನಲ್ ನೀರೇ, ಊರಿನ ನಲ್ಲಿಗೂ ಅದೇ. ಹಬ್ಬದ ಕೌದಿಗಳ ಬಗ್ಗೆ ಅಲ್ಲಿ ಜಾಸ್ತಿ ಯೋಚಿಸಬಾರದು. ಏರಿ ಮೇಲೆ ಸೀರೆ ಉಟ್ಟು ಶೂ ಹಾಕಿದ ಹೆಂಗಸರು ಬೇಕಾದಷ್ಟು ಸಿಗುತ್ತಾರೆ. ಮಾತಿಗೆ ಇಳಿದರೆ ಅರ್ಧ ಜನಕ್ಕೆ ಸೊಂಟದ್ದೇ ಕಥೆ. ಮೊದಮೊದಲು ಸ್ವಲ್ಪ ದೂರಕ್ಕೇ ಬೆನ್ನು ಹಿಡಿಯುತ್ತಿತ್ತು. ನೋವು ಸ್ವಲ್ಪ ಇದ್ದರೂ ಪರವಾಗಿಲ್ಲ, ನಿಧಾನಕ್ಕೆ ದೂರ ಹೆಚ್ಚಿಸಿ ಅಂದಿದ್ದಳು ಹುಡುಗಿ. ಹಾಗೇ ಮಾಡಿದೆ. ನೋವು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಆದರೆ ಬೆಲ್ಟ್ ಎಲ್ಲಿದೆ ಅಂತ ಈಗ ಹುಡುಕಬೇಕು.

ನಾನು ಕೆರೆಗೆ ಹೋಗುವ ದಿನ ಮನೆಯಲ್ಲಿ ತಿಂಡಿ ಮಂಡಕ್ಕಿ ಒಗ್ಗರಣೆ, ಬಂದ ಮೇಲೆ ಹತ್ತು ನಿಮಿಷದ ಕೆಲಸ. ದೋಸೆ ಬೇಕು ಅನ್ನುವವರಿಗೆ ಹಿಟ್ಟು ಫ್ರಿಜ್ಜಿನಲ್ಲಿದೆ, ಹುಯ್ದುಕೊಳ್ಳಲಿ ಅಂತ ಹೇಳಿದ್ದೇನೆ. ಇಲ್ಲಿವರೆಗೆ ಯಾರೂ ಹುಯ್ದುಕೊಂಡಿಲ್ಲ.