ಟ್ಯಾಪ್ ಇಳಿಸುವ ಮೊದಲು ಟೇಲ್ ಎಂಡ್ ನೋಡಿ

ರಾಯಚೂರು ಕಡೆಯ ಒಂದು 110/11 ಕೆವಿ ವಿದ್ಯುತ್ ಸ್ಟೇಷನ್, ಏಪ್ರಿಲ್ ರಾತ್ರಿ. ಮನೆಮನೆಯಲ್ಲೂ ಕೂಲರ್. 10 ಎಂವಿಎ ಬ್ಯಾಂಕಿನ (ಸ್ಟೇಷನ್ ಟ್ರಾನ್ಸ್‌ಫಾರ್ಮರಿನ) ಫುಲ್ ಲೋಡ್ 525 ಆಂಪ್ಸ್, ಮೀಟರ್ ತೋರಿಸುತ್ತಿದ್ದುದು 540. ಫೀಡರ್ (ಹೊರಡುವ ಲೈನ್) ತೆಗೆಯಬೇಡಿ, ಮೂರು ಟ್ಯಾಪ್ ಇಳಿಸಿ ಅಂತ ಮೇಲಿನಿಂದ ಫೋನ್ ಬಂತು. ಟ್ಯಾಪ್ ಅಂದರೆ ಬ್ಯಾಂಕಿನ ವೋಲ್ಟ್ ಏರಿಸಿ ಇಳಿಸುವ ಮೆಟ್ಟಿಲು; ವೋಲ್ಟ್ ಇಳಿದರೆ ಲೋಡೂ ಇಳಿಯುತ್ತದೆ ಎಂಬ ಲೆಕ್ಕ. ಇಳಿಸಿದರು, 522ಕ್ಕೆ ಬಂತು. ಆಮೇಲೆ ಐಪಿ ಬ್ಯಾಚ್ (ಹೊಲದ ಪಂಪ್‌ಸೆಟ್‌ಗಳಿಗೆ ಸರದಿಯಲ್ಲಿ ಕೊಡುವ ಕರೆಂಟ್) ಬದಲಾಯಿತು: ಹತ್ತಿರದ ಫೀಡರ್ ಹೋಗಿ ಕಾಲುವೆ ಕೊನೆಯ ಉದ್ದನೆಯ ಫೀಡರ್ ಬಂತು. ಕರೆಂಟ್ ಮತ್ತೆ ಮೇಲೇರಿತು, ರೈತರ ಫೋನು ಶುರುವಾದವು. “ಸರ, ಮೋಟರ್ ಗುಂಯ್ ಅಂತದ, ನೀರು ಎತ್ತವಲ್ದು.” ಟ್ಯಾಪ್ ಏರಿಸೋಣವೆಂದರೆ ಬ್ಯಾಂಕ್ ಆಗಲೇ ಓವರ್‌ಲೋಡ್, ಹಾಗೇ ಬಿಟ್ಟರೆ ಮೋಟರ್ ಸುಡುತ್ತವೆ. ಕೊನೆಗೆ ಆಪರೇಟರ್ ಆ ಫೀಡರನ್ನೇ ತೆಗೆಯಬೇಕಾಯಿತು.

ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್, ಹೊಲದ ಫೀಡರ್ ಬೇರೆ ಮಾಡಿದ್ದೇವೆ, ನಿಜ. ಆದರೆ ಬಸ್ (ಎಲ್ಲ ಫೀಡರ್ ಹೊರಡುವ ಪಟ್ಟಿ) ಒಂದೇ. ಟ್ಯಾಪ್ ಬದಲಾಗುವುದು ಇಡೀ ಬ್ಯಾಂಕಿಗೆ.

ಒಂದು ಟ್ಯಾಪ್ ಶೇ. 1.25, ಅಂದರೆ ಮನೆಯಲ್ಲಿ ಸುಮಾರು 3 ವೋಲ್ಟ್. ಶೇ. 5 ಇಳಿಸಿದರೆ ಹಳೆಯ ಬುರುಡೆ ಬಲ್ಬ್, ಕಾಯಿಲ್ ಒಲೆಗಳಲ್ಲಿ ಶೇ. 10ರಷ್ಟು ಲೋಡ್ ಕಡಿಮೆಯಾಗುತ್ತದೆ; ಕೂಲರ್ ಫ್ಯಾನಿನಲ್ಲೂ ಸ್ವಲ್ಪ ಇಳಿಯುತ್ತದೆ. ಗೀಸರ್ ಆ ಕ್ಷಣಕ್ಕೆ ಕಡಿಮೆ ಎಳೆದರೂ ಹೆಚ್ಚು ಹೊತ್ತು ಉರಿದು ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಇನ್ವರ್ಟರ್ ಏಸಿ, ಟಿವಿ, ಒಳ್ಳೆಯ ಡ್ರೈವರ್ ಇರುವ ಎಲ್ಇಡಿಗಳಲ್ಲಿ ಉಳಿತಾಯವೇ ಇಲ್ಲ. ವೋಲ್ಟ್ ಇಳಿದಷ್ಟೂ ಆಂಪ್ಸ್ ಏರುತ್ತದೆ. ಫುಲ್ ಲೋಡಿನಲ್ಲಿರುವ ಪಂಪ್‌ಸೆಟ್ಟೂ ಹಾಗೇ. ಅದರ ಟರ್ಮಿನಲ್‌ನಲ್ಲಿ 415ರ ಬದಲು 350 ಬಂದರೆ ಟಾರ್ಕ್ ಶೇ. 71ಕ್ಕೆ ಕುಸಿಯುತ್ತದೆ, ವೈಂಡಿಂಗ್ ಬಿಸಿಯೇರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತ ಇದೇ ಉಪಾಯ ಚೆನ್ನಾಗಿ ನಡೆಯಿತು, ಆದರೆ ಅಲ್ಲಿನ ಬಸ್‌ಗಳ ಮೇಲೆ ನಮ್ಮಷ್ಟು ಪಂಪ್‌ಸೆಟ್ ಇಲ್ಲ.

ಹಾಗಂತ ಬಿಡಬೇಕಿಲ್ಲ. ಐಪಿ ಬ್ಯಾಚ್ ಇಲ್ಲದ ಹೊತ್ತು ನೋಡಿ. ಪ್ಯಾನೆಲ್ ಮೀಟರ್ ನಂಬಬೇಡಿ. ಟೇಲ್ ಎಂಡ್‌ಗೆ, ಅಂದರೆ ಲೈನಿನ ಕೊನೆಯ ಟಿಸಿಯ (ಊರು, ಹೊಲದ ಬಳಿಯ ಟ್ರಾನ್ಸ್‌ಫಾರ್ಮರಿನ) ಹತ್ತಿರ, ಲೈನ್‌ಮನ್ ಕಳಿಸಿ ಟಾಂಗ್ ಟೆಸ್ಟರ್‌ನಲ್ಲಿ ವೋಲ್ಟ್ ತೆಗೆಸಿ. ಅಲ್ಲಿ 216ಕ್ಕಿಂತ ಕೆಳಗೆ ಹೋಗಬಾರದು. ಆರ್‌ಟಿಸಿಸಿ (ಟ್ಯಾಪ್ ಬದಲಿಸುವ ಪ್ಯಾನೆಲ್) ಮ್ಯಾನ್ಯುಯಲ್‌ಗೆ ಹಾಕದಿದ್ದರೆ ನೀವು ಇಳಿಸಿದ್ದನ್ನು ಎವಿಆರ್ (ವೋಲ್ಟ್ ಹಿಡಿದಿಡುವ ರಿಲೇ) ತಾನೇ ಏರಿಸುತ್ತದೆ. ಬ್ಯಾಂಕ್ ಪ್ಯಾರಲಲ್ ಇದ್ದರೆ ಎರಡೂ ಒಟ್ಟಿಗೆ ಇಳಿಯಬೇಕು, ಇಲ್ಲವೆಂದರೆ ಎರಡರ ನಡುವೆಯೇ ಕರೆಂಟ್ ಸುತ್ತುತ್ತದೆ. ಒಂದು ಟ್ಯಾಪ್, ಐದು ನಿಮಿಷ, ಆಮೇಲೆ ಇನ್ನೊಂದು.

ಟೇಲ್ ಎಂಡ್ ಮೊದಲೇ ಬಡವಾಗಿದ್ದರೆ ಟ್ಯಾಪ್ ಮುಟ್ಟುವ ಜಾಗವೇ ಇರುವುದಿಲ್ಲ. 250 ಕೆವಿಎ ಟಿಸಿಗೆ ಟ್ಯಾಪ್ ಸ್ವಿಚ್ ಇರುತ್ತದೆ, ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಒಂದು ಮೆಟ್ಟಿಲು ಎತ್ತಬಹುದು. 63, 100ಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ವೀಸಲ್ ಎಂಬ ತೆಳು ತಂತಿ ತೆಗೆದು ದಪ್ಪನೆಯ ರ‍್ಯಾಬಿಟ್ ಎಳೆಯಬೇಕು, ಲೈನಿಗೆ ಕೆಪಾಸಿಟರ್ ಹಾಕಬೇಕು. ಎಸ್ಟಿಮೇಟ್ ಜನವರಿಯಲ್ಲೇ ಹೋಗಲಿ.